ಮೊಳಕೆ ಕಾಳಿಗೆ ಜಾಡಿಯೋ, ಅಂತಸ್ತಿನ ಡಬ್ಬಿಯೋ, ಬಟ್ಟೆಯೋ?

ಮೊಳಕೆ ಬರಿಸಲೆಂದು ಮಾರುವ ಸಾಧನಗಳಲ್ಲಿ ಹೆಚ್ಚಾಗಿ ಸಿಗುವುದು ನಾಲ್ಕು ಬಗೆ: ಜಾಲರಿ ಮುಚ್ಚಳದ ಗಾಜಿನ ಜಾಡಿ, ಒಂದರ ಮೇಲೊಂದು ಕೂರುವ ತೂತಿನ ತಟ್ಟೆಗಳ ಪ್ಲಾಸ್ಟಿಕ್ ಡಬ್ಬಿ, ಹತ್ತಿ ಬಟ್ಟೆಯ ಚೀಲ, ತಾನೇ ನೀರು ಸಿಂಪಡಿಸುವ ವಿದ್ಯುತ್ ಯಂತ್ರ. ಕಾಳು ಮೊಳೆಯುವುದಕ್ಕೆ ಇವು ಯಾವುವೂ ಬೇಕಿಲ್ಲ. ಒದ್ದೆಯಾದ ಜೀವಂತ ಕಾಳು ಯಾವ ಪಾತ್ರೆಯಲ್ಲಿಟ್ಟರೂ ಮೊಳೆಯುತ್ತದೆ. ಮೊಳೆತದ್ದು ಲೋಳೆಯಾಗದೆ, ವಾಸನೆ ಬಾರದೆ, ಮೂರನೆಯ ದಿನಕ್ಕೂ ಗರಿಗರಿಯಾಗಿ ಉಳಿಯಬೇಕು, ದುಡ್ಡು ಕೊಡುವುದು ಅದಕ್ಕೆ. ಹಾಗಾಗಿ ಇಲ್ಲಿ ನೋಡಿದ್ದು ಮೂರೇ ಗುಣ: ನೀರು ಪೂರ್ತಿ ಬಸಿಯುತ್ತದೆಯೇ, ಒಳಗೆ ಗಾಳಿ ಆಡುತ್ತದೆಯೇ, ಪ್ರತಿ ಮೂಲೆಯನ್ನೂ ಉಜ್ಜಿ ತೊಳೆಯಬಹುದೇ. ಮೂರರಲ್ಲೂ ಮುಂದಿರುವುದು ಗಾಜಿನ ಜಾಡಿ. ಹೆಚ್ಚು ಮಾರಾಟವಾಗುವ ಅಂತಸ್ತಿನ ಡಬ್ಬಿ ಮೂರರಲ್ಲೂ ಹಿಂದೆ ಬೀಳುತ್ತದೆ.

ಈ ಮೂರೇ ಗುಣ ಯಾಕೆಂದರೆ, ನೆನೆದ ಕಾಳು ಉಸಿರಾಡುತ್ತದೆ. ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಜೊತೆಗೆ ಶಾಖವನ್ನೂ ಬಿಡುತ್ತದೆ. ದಪ್ಪಗೆ ರಾಶಿ ಹಾಕಿದ ಮೊಳಕೆಯ ನಡುವೆ ಬೆರಳಿಟ್ಟರೆ ಅಂಚಿಗಿಂತ ಬೆಚ್ಚಗಿರುವುದು ಗೊತ್ತಾಗುತ್ತದೆ. ಆ ಬಿಸುಪು, ತೇವ, ಕಾಳಿನಿಂದ ಹೊರಬಂದ ಸಕ್ಕರೆ, ಮೂರೂ ಸೇರಿದರೆ ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ದಿನಕ್ಕೆ ಎರಡು ಮೂರು ಸಲ ತೊಳೆಯುವುದು ಕಾಳಿಗೆ ನೀರುಣಿಸಲು ಮಾತ್ರ ಎಂದು ಹಲವರು ತಿಳಿದಿರುತ್ತಾರೆ. ಶಾಖವನ್ನೂ ಸಕ್ಕರೆಯನ್ನೂ ಹೊರಹಾಕುವುದು ಅದರ ಇನ್ನೊಂದು ಕೆಲಸ, ಅದೇ ಹೆಚ್ಚು ಮುಖ್ಯವಾದದ್ದು.

ಜಾಡಿಯಿಂದ ಶುರುಮಾಡೋಣ. ಅಗಲ ಬಾಯಿಯ, ಒಂದು ಲೀಟರಿನ ಜಾಡಿ ಸಾಕು. ಬಾಯಿ ಕಿರಿದಾಗಿದ್ದರೆ ಕೈ ಒಳಹೋಗದು, ತಳ ಉಜ್ಜಲಾಗದು. ಇಡೀ ಸಾಧನದ ಯೋಗ್ಯತೆ ನಿಂತಿರುವುದು ಮುಚ್ಚಳದ ಮೇಲೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಇದ್ದರೆ ಕುದಿಯುವ ನೀರಿಗೆ ಹಾಕಬಹುದು. ಆದರೆ ಜಾಲರಿ ಹಿಡಿದಿರುವ ಸುತ್ತಿನ ಬಳೆ ಎಷ್ಟೋ ಸಲ ಬೇರೆ ಲೋಹದ್ದು, ಬಣ್ಣ ಬಳಿದ ತಗಡು. ಕೆಲವೇ ವಾರಗಳಲ್ಲಿ ತಿರುಪಿನ ಒಳಭಾಗದಲ್ಲಿ ತುಕ್ಕು ಕಾಣಿಸುವುದು ಅಲ್ಲೇ. ಬಳೆ, ಜಾಲರಿ ಎರಡೂ ಸ್ಟೀಲಿನದ್ದೇ ಅಥವಾ ಬಳೆ ಪ್ಲಾಸ್ಟಿಕ್ಕಿನದ್ದಾಗಿ ಜಾಲರಿ ಬಿಡಿಸಿ ತೆಗೆಯುವಂತಿದ್ದರೆ ಒಳ್ಳೆಯದು. ಜಾಲರಿಯ ಕಣ್ಣು ತೀರಾ ಸಣ್ಣದಿದ್ದರೂ ತೊಂದರೆ: ಕಣ್ಣುಗಳಲ್ಲಿ ನೀರು ಪೊರೆಯಂತೆ ನಿಂತುಬಿಡುತ್ತದೆ. ಆಗ ಒಳಗಿನ ನೀರೂ ಇಳಿಯದು, ಗಾಳಿಯೂ ಹೋಗದು. ಬಸಿದ ಮೇಲೆ ಜಾಡಿಯನ್ನು ಅಂಗೈಗೆ ಎರಡು ಮೂರು ಸಲ ತಟ್ಟಿದರೆ ಪೊರೆ ಒಡೆಯುತ್ತದೆ. ಹೆಸರು, ಕಡಲೆ, ಮಸೂರಕ್ಕೆ 2 ಮಿಲಿಮೀಟರಿನ ಕಣ್ಣು ಸಾಕು. ಸಣ್ಣ ಬೀಜಗಳಿಗೆ ಮಾತ್ರ 1 ಮಿಲಿಮೀಟರ್ ಬೇಕು.

ಜಾಡಿಯನ್ನು ಬಾಯಿ ಕೆಳಗೆ ಮಾಡಿ ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಇದಕ್ಕೆಂದೇ ತಂತಿಯ ಸ್ಟ್ಯಾಂಡ್ ಕೊಡುತ್ತಾರೆ, ಆಳದ ಬಟ್ಟಲಿಗೆ ಒರಗಿಸಿದರೂ ನಡೆಯುತ್ತದೆ. ಓರೆ ಇಡುವ ಮೊದಲು ಜಾಡಿಯನ್ನು ಅಡ್ಡ ಮಲಗಿಸಿ ನಿಧಾನವಾಗಿ ಉರುಳಿಸಿ. ಒದ್ದೆ ಕಾಳುಗಳು ಗಾಜಿನ ಗೋಡೆಗೆ ತೆಳುವಾಗಿ ಅಂಟಿಕೊಂಡು ಬಾಯಿ ತೆರವಾಗುತ್ತದೆ. ಇದನ್ನು ಬಿಟ್ಟರೆ ಕಾಳೆಲ್ಲ ಜಾಲರಿಯ ಮೇಲೆ ಗುಡ್ಡೆಯಾಗಿ ಬಿದ್ದು ಗಾಳಿಗೆ ಬಿರಡೆ ಹಾಕಿದಂತಾಗುತ್ತದೆ. ಜಾಡಿಯ ಮೊಳಕೆ ವಾಸನೆ ಬಂತು ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಜಾಡಿಯ ನಿಜವಾದ ಕೊರತೆಯೆಂದರೆ ಪ್ರಮಾಣ: ಒಂದು ಲೀಟರಿಗೆ 60ರಿಂದ 75 ಗ್ರಾಂ ಒಣ ಹೆಸರುಕಾಳು, ಅದಕ್ಕಿಂತ ಹೆಚ್ಚು ಬೇಡ. ಅಷ್ಟರಿಂದ ಸುಮಾರು 200 ಗ್ರಾಂ ಮೊಳಕೆ ಬರುತ್ತದೆ. ದೊಡ್ಡ ಕುಟುಂಬಕ್ಕೆ ಎರಡು ಜಾಡಿ ಬೇಕಾಗುತ್ತದೆ.

ಅಂತಸ್ತಿನ ಡಬ್ಬಿ ನೋಡಲು ಚೆಂದ, ಜಾಗವೂ ಕಡಿಮೆ ಸಾಕು, ಒಂದೇ ಸಲಕ್ಕೆ ಮೂರು ಬಗೆಯ ಕಾಳು ಇಡಬಹುದು. ಹೀಗಾಗಿ ಜನ ಅದನ್ನೇ ಕೊಳ್ಳುತ್ತಾರೆ. ಆದರೆ ಮೇಲಿನ ತಟ್ಟೆಗೆ ನೀರು ಹೊಯ್ದರೆ ಸಾಕು, ಕೆಳಗಿನವೂ ತೊಳೆದುಹೋಗುತ್ತವೆ ಎಂಬ ಸೂಚನೆಯಲ್ಲೇ ಅದರ ದೋಷವಿದೆ. ಮೇಲಿನ ತಟ್ಟೆಯ ಕೊಳೆನೀರು ಕೆಳಗಿನ ಎರಡು ತಟ್ಟೆಗಳ ಮೂಲಕ ಇಳಿಯುತ್ತದೆ. ಮೇಲೆ ಒಂದು ಕಡೆ ಕೊಳೆತ ಶುರುವಾದರೆ ಮರುದಿನ ಕೆಳಗೂ ಇರುತ್ತದೆ. ನೀರು ಪ್ರತಿ ಸಲವೂ ಅದೇ ತೂತುಗಳ ದಾರಿ ಹಿಡಿಯುವುದರಿಂದ ಅಂಚಿನ ಕಾಳು ಒಣಗುತ್ತದೆ, ನಡುವಿನದು ನೆನೆದೇ ಇರುತ್ತದೆ. ಎರಡನೆಯ ದಿನ ಬೇರುಗಳು ತೂತಿನೊಳಗೆ ಇಳಿದು ಅದನ್ನೇ ಮುಚ್ಚುತ್ತವೆ. ಹಲವು ತೂತುಗಳ ಬದಲು, ನೀರಿಳಿಯಲು ಒಂದೇ ಕಿಂಡಿ, ಅದರ ಮೇಲೆ ಸಣ್ಣ ಟೊಪ್ಪಿ ಇರುವ ತಟ್ಟೆಗಳಲ್ಲಿ ನೀರು ಒಂದು ಮಟ್ಟ ಮುಟ್ಟಿದ ಮೇಲೇ ಇಳಿಯುತ್ತದೆ, ತಳದಲ್ಲಿ ತುಸು ನೀರು ಉಳಿದೇ ಉಳಿಯುತ್ತದೆ.

ಈಗಾಗಲೇ ಇಂಥ ಡಬ್ಬಿ ಇರುವವರು ಎಸೆಯಬೇಕಿಲ್ಲ. ತಟ್ಟೆಗಳನ್ನು ಬಿಡಿಬಿಡಿಯಾಗಿ ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ, ಓರೆಯಾಗಿ ಹಿಡಿದು ನೀರು ಒದರಿ ಮತ್ತೆ ಜೋಡಿಸಿ. ಒಂದು ತಟ್ಟೆಯಲ್ಲಿ ಕಾಳು ಒಂದೇ ಪದರ, ಹೆಚ್ಚೆಂದರೆ ಎರಡು. ಎಲ್ಲಕ್ಕಿಂತ ಕೆಳಗಿನ, ನೀರು ಸೇರುವ ಬಟ್ಟಲನ್ನು ಪ್ರತಿ ಸಲ ಖಾಲಿಮಾಡಿ. ಹೊಸದಾಗಿ ಕೊಳ್ಳುವುದಾದರೆ ತಳದ ತ್ರಿಕೋನದೊಳಗಿನ ಅಂಕೆ ನೋಡಿ. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಬಿಸಿನೀರು ತಡೆಯುತ್ತದೆ. 6 ಎಂದಿದ್ದರೆ ಪಾಲಿಸ್ಟೈರೀನ್. ಗಾಜಿನಂತೆ ಹೊಳೆಯುವ ಅದು ಬಿಸಿನೀರಿಗೆ ಸೊಟ್ಟಗಾಗುತ್ತದೆ, ಸಣ್ಣ ಸೀಳು ಬಿಡುತ್ತದೆ. ಆ ಸೀಳಿನೊಳಗೆ ಯಾವ ಬ್ರಷ್ಷೂ ಹೋಗುವುದಿಲ್ಲ.

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತುಸು ಬಾಯಿಬಿಟ್ಟ ಮೊಳಕೆ ಸಾಕು ಎನ್ನುವವರಿಗೆ ಅಷ್ಟು ಸುಲಭದ್ದು ಬೇರೆ ಇಲ್ಲ. ನೀರು ನಿಲ್ಲದು, ಗಾಳಿ ಆಡುತ್ತದೆ. ಮೊಳಕೆ ಉದ್ದ ಬೇಕೆಂದರೆ ಮಾತ್ರ ಬೇರು ನೇಯ್ಗೆಯೊಳಗೆ ಹೊಕ್ಕು, ಬಿಡಿಸುವಾಗ ಮುರಿಯುತ್ತದೆ, ಮುರಿದ ತುಣುಕು ಬಟ್ಟೆಯಲ್ಲೇ ಕೊಳೆಯುತ್ತದೆ. ಪ್ರತಿ ಬಳಕೆಯ ನಂತರ ಬಟ್ಟೆಯನ್ನು ಕುದಿಸಿ, ಪೂರ್ತಿ ಒಣಗಿಸಿಡುವ ಶಿಸ್ತು ಇರಬೇಕು. ವಿದ್ಯುತ್ ಯಂತ್ರದಲ್ಲಿ ಅದೇ ನೀರು ತಿರುತಿರುಗಿ ಸಿಂಪಡಣೆಯಾಗುತ್ತದೆ. ದಿನಕ್ಕೆ ಎರಡು ಸಲ ನೀರು ಬದಲಿಸದಿದ್ದರೆ ತೊಳೆಯುವ ನೀರೇ ಕೊಳೆ ಹರಡುತ್ತದೆ. ಪಂಪಿನ ಕೊಳವೆಯ ಒಳಗೆ ಕಟ್ಟುವ ಲೋಳೆಯನ್ನು ತೆಗೆಯುವುದು ಬಹುಪಾಲು ಮಾದರಿಗಳಲ್ಲಿ ಆಗದ ಮಾತು.

ಜಾಡಿಯಲ್ಲಿ ಹೆಸರುಕಾಳಿನ ಕ್ರಮ ಹೀಗೆ. ಅಡುಗೆಗೆ ಮಾರುವ ಇಡೀ ಕಾಳನ್ನೇ ತೆಗೆದುಕೊಳ್ಳಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದು, ಅದು ಹೊಟ್ಟೆಗಲ್ಲ. ಒಡೆದ ಕಾಳು, ಕುಗ್ಗಿದ್ದು, ಹುಳು ಕೊರೆದದ್ದು ಆರಿಸಿ ತೆಗೆಯಿರಿ, ಕೊಳೆಯಲು ಮೊದಲು ಶುರುವಾಗುವುದು ಅವೇ. ಎರಡು ಮೂರು ನೀರಿನಲ್ಲಿ ಕೈಯಾಡಿಸಿ ತೊಳೆದು, ಕಾಳಿನ ಮೂರು ನಾಲ್ಕು ಪಟ್ಟು ನೀರಿನಲ್ಲಿ 8 ಗಂಟೆ ನೆನೆಸಿ. ಸೆಖೆಯ ದಿನಗಳಲ್ಲಿ 6 ಗಂಟೆ ಸಾಕು. ಕಡಲೆಗೆ 10ರಿಂದ 12 ಗಂಟೆ ಬೇಕು. ನೆನೆಸಿದ ನೀರಿನ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬಂದರೆ ಹೊತ್ತು ಮೀರಿದೆ ಎಂದರ್ಥ. ನೀರಿನಡಿ ಉಸಿರುಗಟ್ಟಿದ ಕಾಳು ಮತ್ತೆ ಸರಿಯಾಗಿ ಮೊಳೆಯದು. ಬಸಿದು, ತೊಳೆದು, ಉರುಳಿಸಿ, ಓರೆಯಾಗಿ ಇಡಿ. 20ರಿಂದ 25 ಡಿಗ್ರಿ ಇದ್ದರೆ ದಿನಕ್ಕೆ ಎರಡು ಸಲ, 30 ಮುಟ್ಟಿದರೆ ಮೂರರಿಂದ ನಾಲ್ಕು ಸಲ, ಪ್ರತಿ ಸಲವೂ ಜಾಡಿ ತುಂಬ ತಣ್ಣೀರು ಹಾಕಿ ಸುತ್ತಿಸಿ ಬಸಿಯಿರಿ. ಸುಮ್ಮನೆ ನೀರು ಚಿಮುಕಿಸುವುದು ತೊಳೆದಂತಲ್ಲ. ಒಂದರಿಂದ ಒಂದೂವರೆ ದಿನದಲ್ಲಿ ಒಂದು ಸೆಂಟಿಮೀಟರಿನ ಆಸುಪಾಸಿನ ಮೊಳಕೆ ಸಿಗುತ್ತದೆ. ಮಸೂರ, ಕಡಲೆಗೆ ಎರಡು ಮೂರು ದಿನ ಬೇಕು. ಮೆಂತ್ಯಕ್ಕೆ ಮೂರು ನಾಲ್ಕು ದಿನ, ಅದೂ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಹಾಕಬೇಡಿ. ಅಗಸೆ, ಚಿಯಾ ಬೀಜಗಳು ನೆನೆದೊಡನೆ ಅಂಟಿನ ಮುದ್ದೆಯಾಗುತ್ತವೆ. ಈ ನಾಲ್ಕರಲ್ಲಿ ಯಾವ ಸಾಧನವೂ ಅವಕ್ಕೆ ಹೊಂದದು.

ಅರ್ಧ ಕಾಳು ಮೊಳೆತು ಅರ್ಧ ಹಾಗೇ ಉಳಿದರೆ ಸಾಧನವನ್ನು ಬೈಯಬೇಡಿ, ಕಾಳು ಹಳೆಯದು. ಹೊಸ ಪೊಟ್ಟಣ ತೆರೆದಾಗ 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. 17, 18 ಕಾಳಾದರೂ ಮೊಳೆಯದಿದ್ದರೆ ಆ ಪೊಟ್ಟಣವನ್ನು ಸಾರಿಗೋ ಪಲ್ಯಕ್ಕೋ ಇಟ್ಟುಕೊಳ್ಳಿ. ನೆನೆದರೂ ಉಬ್ಬದ ಕಲ್ಲುಕಾಳು ಒಂದೆರಡು ಎಲ್ಲದರಲ್ಲೂ ಇರುತ್ತವೆ, ಅವುಗಳ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಹಲ್ಲಿಗೆ ಸಿಕ್ಕರೆ ಅಪಾಯ, ಆದ್ದರಿಂದ ನೆನೆಸಿದ ಮೇಲೆ ಬಿಳಿ ತಟ್ಟೆಯಲ್ಲಿ ಹರಡಿ ಆರಿಸಿಬಿಡಿ. ಇನ್ನು ಬೇರಿನ ಸುತ್ತ ಬಿಳಿ ನವಿರು ಕಂಡು ಬೂಸ್ಟು ಬಂತೆಂದು ಇಡೀ ಜಾಡಿ ಚೆಲ್ಲುವವರಿದ್ದಾರೆ. ಬೇರುಗೂದಲು ಪ್ರತಿ ಮೊಳಕೆಯ ಬೇರಿನ ಮೇಲೂ ಒಂದೇ ಸಮ ಇರುತ್ತದೆ, ನೀರು ತಾಗಿದೊಡನೆ ಬೇರಿಗೆ ಅಂಟಿ ಮಾಯವಾಗುತ್ತದೆ. ಬೂಸ್ಟು ಹಾಗಲ್ಲ. ಒಂದು ಕಡೆ ಶುರುವಾಗಿ ಕಾಳಿನಿಂದ ಕಾಳಿಗೆ ಬಲೆ ನೇಯುತ್ತದೆ, ಬೂದಿ ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗುತ್ತದೆ, ಮುಗ್ಗಲು ವಾಸನೆ ಬರುತ್ತದೆ, ತೊಳೆದರೂ ಹೋಗದು. ಅದನ್ನು ಮಾತ್ರ ಪೂರ್ತಿ ಎಸೆಯಬೇಕು. ಮೇಲಿನದು ತೆಗೆದು ಕೆಳಗಿನದು ತಿನ್ನುವ ಆಸೆ ಬೇಡ.

ವಾಸನೆಯಿಲ್ಲದ, ನೋಡಲು ಶುಭ್ರವಾದ ಮೊಳಕೆಯಲ್ಲೂ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಾಣು ಇರಬಹುದು ಎಂಬುದನ್ನು ಈ ಡಬ್ಬಿಗಳ ಮೇಲೆ ಯಾರೂ ದೊಡ್ಡದಾಗಿ ಅಚ್ಚು ಹಾಕುವುದಿಲ್ಲ. ರೋಗಾಣು ಬರುವುದು ಬಹುಮಟ್ಟಿಗೆ ಬೀಜದ ಜೊತೆಗೇ, ಸಿಪ್ಪೆಯ ಬಿರುಕಿನಲ್ಲಿ ಅಡಗಿಕೊಂಡು. ಮೊಳಕೆಯ ಬೆಚ್ಚನೆ ತೇವದಲ್ಲಿ ಅದು ಬೆಳೆಯುತ್ತದೆ, ತೊಳೆದರೆ ಪೂರ್ತಿ ಹೋಗದು. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಇ. ಕೋಲಿ ಸೋಂಕಿನ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಮೆಂತ್ಯದ ಮೊಳಕೆ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆ ತಿನ್ನಲೇಬಾರದು. ಉಳಿದವರಿಗೂ ನಮ್ಮ ಸಲಹೆ ಹಬೆಯಲ್ಲಿ ಬೇಯಿಸಿ ತಿನ್ನುವುದೇ: ತೆಳುವಾಗಿ ಹರಡಿ 5 ನಿಮಿಷ, ನಡುವಿನ ಕಾಳೂ ಹೊಗೆಯಾಡುವಷ್ಟು ಬಿಸಿಯಾಗಬೇಕು. ಸಿ ಜೀವಸತ್ವ ಸ್ವಲ್ಪ ಕಳೆದುಹೋಗುತ್ತದೆ. ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಆ ನಷ್ಟ ತುಂಬುತ್ತದೆ, ಕಾಳಿನ ಕಬ್ಬಿಣವೂ ಮೈಗೆ ಚೆನ್ನಾಗಿ ಹಿಡಿಯುತ್ತದೆ. ರಾಜ್ಮಾವನ್ನಂತೂ ಮೊಳಕೆ ಬರಿಸಿ ಹಸಿಯಾಗಿಯೋ ಅರೆಬೆಂದಂತೆಯೋ ತಿನ್ನಬೇಡಿ. ಅದರ ಲೆಕ್ಟಿನ್ ವಿಷ ಮೊಳೆತರೂ ಹೋಗುವುದಿಲ್ಲ. ಕುದಿಯುವ ನೀರಿನಲ್ಲಿ ಕನಿಷ್ಠ 10 ನಿಮಿಷ ಬೇಯಲೇಬೇಕು, 30 ನಿಮಿಷವಾದರೆ ಇನ್ನೂ ನೆಮ್ಮದಿ.

ಡಬ್ಬಿಯ ಮೇಲಿನ ‘ಪ್ರೋಟೀನ್ ದುಪ್ಪಟ್ಟು’ ಎಂಬ ಮಾತನ್ನು ನಂಬಬೇಡಿ. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಉದ್ದ ಬೆಳೆಸಿದ ಮೊಳಕೆಯ 100 ಗ್ರಾಂನಲ್ಲಿ ಇರುವುದು ಸುಮಾರು 3 ಗ್ರಾಂ, ಏಕೆಂದರೆ ಅದರ ನೂರರಲ್ಲಿ ತೊಂಬತ್ತು ಭಾಗ ನೀರು. ನಿಜವಾಗಿ ದಕ್ಕುವ ಲಾಭ ಬೇರೆ: ಒಣ ಕಾಳಿನಲ್ಲಿ ಹೆಸರಿಗಷ್ಟೇ ಇದ್ದ ಸಿ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣ ಸತುವುಗಳನ್ನು ಹಿಡಿದಿಡುವ ಫೈಟಿಕ್ ಆಮ್ಲ ತಗ್ಗುತ್ತದೆ, ಹೊಟ್ಟೆಯುಬ್ಬರ ತರುವ ರ‍್ಯಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳು ಕರಗುತ್ತವೆ. ಕಾಳು ತಿಂದರೆ ವಾಯು ಎನ್ನುವವರಿಗೆ ಈ ಕೊನೆಯದೊಂದೇ ಸಾಕು. ಇವೆಲ್ಲ ಯಾವ ಪಾತ್ರೆಯಲ್ಲಿ ಮೊಳೆಸಿದರೂ ಸಿಗುವಂಥವು, ದುಬಾರಿ ಸಾಧನ ಹೆಚ್ಚಿಗೆ ಏನನ್ನೂ ಕೊಡದು.

ಜಾಡಿಯಿಂದ ಸೀದಾ ಫ್ರಿಜ್ಜಿಗೆ ಹಾಕುವುದೂ ಮೊಳಕೆ ಬೇಗ ಹಾಳಾಗಲು ಕಾರಣ. ಕೊನೆಯ ಸಲ ತೊಳೆದು 8 ಗಂಟೆಯಾದರೂ ಬಸಿಯಲು ಬಿಡಿ. ಕಾಳಿನ ಮೈ ಮುಟ್ಟಿದರೆ ಕೈಗೆ ನೀರು ಹತ್ತಬಾರದು. ಆಮೇಲೆ ತಳಕ್ಕೆ ಒಣ ಬಟ್ಟೆ ಹಾಸಿದ ಬೇರೆ ಪಾತ್ರೆಗೆ ಹಾಕಿ 4 ಡಿಗ್ರಿಯಲ್ಲಿಡಿ, ಮೂರು ದಿನದೊಳಗೆ ಮುಗಿಸಿ. ಖಾಲಿಯಾದ ಜಾಡಿಯನ್ನು ಸೋಪಿನಿಂದ ಉಜ್ಜಿ, ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡೂ ಕಡೆ ತಿಕ್ಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು ಒಣಗಿಸಿ. ಕಣ್ಣುಗಳಲ್ಲಿ ಬಿಳಿ ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಬಳೆಯ ತಿರುಪಿನಲ್ಲಿ ತುಕ್ಕು ಕಂಡರೆ ಮುಚ್ಚಳ ಮಾತ್ರ ಬದಲಿಸಿ, ಅಗಲ ಬಾಯಿಯ ಜಾಡಿಗಳಿಗೆ ಅದು ಬಿಡಿಯಾಗಿ ಸಿಗುತ್ತದೆ.