"ಕ್ಲಾಕ್ ಔಟ್ ಮಾಡಿಬಿಡಮ್ಮ, ಆಮೇಲೆ ಒಂಚೂರು ಕೆಲಸ ಇದೆ"

ಕ್ಯಾಲಿಫೋರ್ನಿಯಾದಲ್ಲಿ ಎಚ್-4 ಇಎಡಿ (ಎಚ್-1ಬಿ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗಬಹುದಾದ ಕೆಲಸದ ಪರವಾನಗಿ) ಮೇಲೆ ಗಂಟೆ ಲೆಕ್ಕದ ಆಫೀಸ್ ಕೆಲಸಕ್ಕೆ ಸೇರುವವರು, ಅದರಲ್ಲೂ ನಮ್ಮವರದ್ದೇ ಸಣ್ಣ ಆಫೀಸಿಗೆ ಸೇರುವವರು, ದಯವಿಟ್ಟು ಓದಿ. ನಾನು ಕೈ ಸುಟ್ಟುಕೊಂಡಿದ್ದೀನಿ.

2024ರ ಜನವರಿಯಲ್ಲಿ ಬೇ ಏರಿಯಾದ ಒಂದು ಟ್ಯಾಕ್ಸ್ ಆಫೀಸಿಗೆ ಸೇರಿದೆ. ಗಂಟೆಗೆ 24 ಡಾಲರ್. ಬಂದಾಗ ಕ್ಲಾಕ್ ಇನ್, ಹೊರಡುವಾಗ ಕ್ಲಾಕ್ ಔಟ್ ಅಂತ ಒಂದು ಆ್ಯಪಿನಲ್ಲಿ ಒತ್ತಬೇಕು, ಸಂಬಳದ ಗಂಟೆ ಲೆಕ್ಕ ಅದರದ್ದೇ. ಮಾಲೀಕರು ಕನ್ನಡದವರು, ಆಫೀಸು ನೋಡಿಕೊಳ್ಳೋದು ಅವರ ಹೆಂಡತಿ. ಮೊದಲ ದಿನವೇ "ಮೇಡಂ ಗೀಡಂ ಬೇಡಮ್ಮ, ಅಕ್ಕ ಅನ್ನು" ಅಂದರು. ಹಾಗನ್ನೋಕೆ ನಾನು ಎಷ್ಟು ತೆತ್ತೆ ಅಂತ ಕೊನೆಗೆ ಹೇಳ್ತೀನಿ.

ರಿಟರ್ನ್ಸಿಗೆ ಏಪ್ರಿಲ್ 15 ಗಡುವು. ಫೆಬ್ರವರಿ ಬಂತು ಅಂದರೆ ಕಾಗದ ರಾಶಿ. ಸಂಜೆ ಐದೂವರೆಗೆ ಸರಿಯಾಗಿ ಅಕ್ಕ ಬಂದು, "ಕ್ಲಾಕ್ ಔಟ್ ಮಾಡಿಬಿಡಮ್ಮ, ಆಮೇಲೆ ಈ ಡಬ್ಲ್ಯೂ-2ಗಳನ್ನ ಒಂಚೂರು ಸ್ಕ್ಯಾನ್ ಮಾಡಿ ಹೋಗು" ಅನ್ನೋರು. ಡಬ್ಲ್ಯೂ-2 ಅಂದರೆ ಕೆಲಸ ಕೊಟ್ಟವರು ಕೊಡೋ ವರ್ಷದ ಸಂಬಳದ ಚೀಟಿ; ಒಂಚೂರು ಅಂದರೆ ಎರಡು ಗಂಟೆ. ಊಟದ ಅರ್ಧ ಗಂಟೆಯನ್ನ ಆ್ಯಪ್ ತಾನಾಗೇ ಕಳೀತಿತ್ತು; ನಾನು ಮಾತ್ರ ಫೋನನ್ನ ಭುಜಕ್ಕೆ ಸಿಕ್ಕಿಸಿಕೊಂಡು ಮೊಸರನ್ನ ತಿಂತಿದ್ದೆ. ದುಡ್ಡಿನ ಮಾತೆತ್ತಿದರೆ, "ಏಪ್ರಿಲ್ ಮುಗೀಲಿ, ಅಷ್ಟೂ ಗಂಟೆ ರಜ ತಗೊಳ್ಳುವಿಯಂತೆ."

ಇದು ನಡೆಯೋಲ್ಲ. ಇಲ್ಲಿ ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 40 ದಾಟಿದರೆ ಒಂದೂವರೆ ಪಟ್ಟು ಸಂಬಳ, ದಿನಕ್ಕೆ 12 ದಾಟಿದರೆ ಎರಡು ಪಟ್ಟು. ಗಂಟೆಗೆ ಗಂಟೆ ರಜ ಕೊಟ್ಟು ಕೈತೊಳೆದುಕೊಳ್ಳೋ ಹಾಗಿಲ್ಲ. "ನಾನು ಓವರ್‌ಟೈಮ್ ಮಾಡು ಅಂದಿರಲಿಲ್ಲ" ಅಂತ ಜಾರಿಕೊಳ್ಳೋ ಹಾಗೂ ಇಲ್ಲ. ನೀವು ಕೆಲಸ ಮಾಡ್ತಿರೋದು ಅವರಿಗೆ ಗೊತ್ತಿದ್ದರೆ ಸಾಕು. ಐದನೇ ಗಂಟೆ ಮುಗಿಯೋದರೊಳಗೆ ಊಟದ ಬಿಡುವು ಕೊಡದಿದ್ದರೆ ಆ ದಿನಕ್ಕೆ ಒಂದು ಗಂಟೆ ಸಂಬಳ ಹೆಚ್ಚಿಗೆ ಕೊಡಬೇಕು. ಇದೆಲ್ಲ ಇರೋ ಪೋಸ್ಟರ್ ನಮ್ಮ ಗೋಡೆ ಮೇಲೇ ಇತ್ತು, ಕಾಫಿ ಮೆಷಿನ್ ಹಿಂದೆ.

ಮಾರ್ಚಿನಲ್ಲಿ ಅಮ್ಮನ ಹತ್ತಿರ ಗೋಳು ಹೇಳಿಕೊಂಡೆ. "ಹಾಲಿನ ಲೆಕ್ಕ ಬರೆಯೋ ಹಾಗೆ ಕ್ಯಾಲೆಂಡರಲ್ಲಿ ಬರೆದಿಡೇ" ಅಂದಳು. ಅವತ್ತಿಂದ ಊರಿಂದ ತಂದ ಕ್ಯಾಲೆಂಡರಿನ ಚೌಕದಲ್ಲಿ ದಿನಾ ಹೊರಟ ಹೊತ್ತು ಬರೆದೆ. ಏಪ್ರಿಲ್ 9, ಯುಗಾದಿ: 8.50. ಒಬ್ಬಟ್ಟು ಗಿಬ್ಬಟ್ಟು ಏನೂ ಆಗಲಿಲ್ಲ.

ಮೇನಲ್ಲಿ ಕೆಲಸ ಬಿಟ್ಟು ಬಾಕಿ ಕೇಳಿದರೆ, "ನಿನ್ನ ಯಜಮಾನರ ವೀಸಾಗೆ ತೊಂದರೆ ಆದೀತು, ನೋಡಮ್ಮ." ಹಾಗೆ ಹೆದರಿಸೋದೇ ಇಲ್ಲಿ ಕಾನೂನಿಗೆ ವಿರುದ್ಧ. ಲೇಬರ್ ಕಮಿಷನರ್ ಕಚೇರಿಗೆ ದೂರು ಕೊಟ್ಟೆ. ಫೀಸಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಮೂರು ವರ್ಷದ ಹಿಂದಿನ ಓವರ್‌ಟೈಮೂ ಕೇಳಬಹುದು. ವೀಸಾ ಯಾವುದು ಅಂತ ಯಾರೂ ಕೇಳಲಿಲ್ಲ.

ಹತ್ತು ವಾರ, ದಿನಕ್ಕೆ ಸರಾಸರಿ ಎರಡು ಗಂಟೆ, ಒಟ್ಟು 100 ಗಂಟೆ. 36 ಡಾಲರಿನಂತೆ 3,600. ಒಂದು ವರ್ಷದ ಮೇಲೆ ಕಮಿಷನರ್ ಕಚೇರಿಯವರು ಇಬ್ಬರನ್ನೂ ರಾಜಿಗೆ ಕರೆದರು. ಮಾರ್ಚ್, ಏಪ್ರಿಲಿಗೆ ಕ್ಯಾಲೆಂಡರ್ ಇತ್ತು, ರಾತ್ರಿ ಎಂಟಕ್ಕೆ "ಆ ಫೈಲ್ ಆಯ್ತಾ?" ಅಂತ ಅಕ್ಕ ಕಳಿಸಿದ ವಾಟ್ಸ್ಯಾಪ್ ಇತ್ತು, ಅವರು ತುಟಿ ಬಿಚ್ಚಲಿಲ್ಲ. ಫೆಬ್ರವರಿಗೆ ಮಾತ್ರ "ಅಷ್ಟು ಹೊತ್ತು ಇರಲೇ ಇಲ್ಲ" ಅಂತ ಹಠ. ಅಂದಾಜು ಲೆಕ್ಕವನ್ನೂ ಕಚೇರಿಯವರು ಪರಿಗಣಿಸ್ತಾರೆ, ಆದರೆ ವಿಚಾರಣೆಗೆ ಕಾಯೋ ತಾಳ್ಮೆ ನನಗಿರಲಿಲ್ಲ. 2,700ಕ್ಕೆ ಸಹಿ ಹಾಕಿದೆ. ಅಕ್ಕ ಅಂದದ್ದಕ್ಕೆ 900 ಡಾಲರ್, ಊಟದ ಬಿಡುವಿನದ್ದು ಬೇರೆ.

ಹಾಂ, ಆ್ಯಪಿನ ಸ್ಕ್ರೀನ್‌ಶಾಟನ್ನ ವಾರ ವಾರ ನಿಮ್ಮ ಫೋನಿಗೆ ತಗೊಂಡಿಟ್ಟುಕೊಳ್ಳಿ. ನಾನು ರಾಜೀನಾಮೆ ಕೊಟ್ಟ ಮಧ್ಯಾಹ್ನವೇ ನನ್ನ ಲಾಗಿನ್ ಕಿತ್ತುಹಾಕಿದ್ದರು.