ಕರ್ಜತ್‌ನ ಹಾಸ್ಟೆಲ್, ತಳೇಗಾಂವ್‌ನ ಮನೆ, ನಮ್ಮ ತಮ್ಮನ 'ಬೇಡ'

ತಮ್ಮನನ್ನು ಕರ್ಜತ್‌ನ ಹಾಸ್ಟೆಲಿಗೆ ಸೇರಿಸುವಾಗ ಕಟ್ಟಿದ ಒಂದು ಲಕ್ಷ ಡಿಪಾಸಿಟ್ ಹೋಯಿತು. ವಾಪಸ್ ಕೊಡುವುದಿಲ್ಲ ಅಂತ ರಸೀದಿಯಲ್ಲೇ ಇತ್ತು, ನಾನೇ ಸರಿಯಾಗಿ ಓದಿರಲಿಲ್ಲ. ತಮ್ಮ ಈಗ ಪುಣೆ ಹತ್ತಿರ ತಳೇಗಾಂವ್‌ನಲ್ಲಿ, ಆರೇ ಜನ ಇರುವ ಒಂದು ಚಿಕ್ಕ ಮನೆಯಲ್ಲಿದ್ದಾನೆ. ನನ್ನ ಓಟು ಅದಕ್ಕೇ. ಡೊಂಬಿವಲಿಯಲ್ಲಿ ನಮ್ಮವರೇ ಎರಡು ಮೂರು ಮನೆಯವರು, ಇಂಥವರನ್ನು ನೋಡಿಕೊಳ್ಳುವ ಜಾಗ ಯಾವುದು ಒಳ್ಳೆಯದು ಅಂತ ವಿಚಾರಿಸಿದರು, ಅದಕ್ಕೆ ಬರೆಯುತ್ತಿದ್ದೇನೆ.

ತಮ್ಮನಿಗೆ 34 ವರ್ಷ. ಆಟಿಸಂ, ಜೊತೆಗೆ ಬುದ್ಧಿಮಾಂದ್ಯತೆ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ 80 ಪರ್ಸೆಂಟ್. ಅವನಿಗೆ ಬರುವುದು ಹದಿನಾಲ್ಕು ಮಾತು, ಎಲ್ಲ ಅಮ್ಮ ಕಲಿಸಿದ ಕನ್ನಡವೇ.

ಮೊದಲು ಮನೆಗೇ ಜನ ಇಟ್ಟು ನೋಡಿದೆವು. ನೋಡಿಕೊಳ್ಳುವವರನ್ನು ಕಳಿಸುವ ಬ್ಯೂರೋದಿಂದ 12 ಗಂಟೆ ಡ್ಯೂಟಿಗೆ ಒಬ್ಬ ಹುಡುಗ, ತಿಂಗಳಿಗೆ 22 ಸಾವಿರ. ಆರು ತಿಂಗಳಲ್ಲಿ ನಾಲ್ಕು ಜನ ಬದಲಾದರು. ಬಿಹಾರದವನೊಬ್ಬ ಒಳ್ಳೆಯವನಿದ್ದ. ತಮ್ಮ 'ಗಂಜಿ' ಅಂದಾಗಲೆಲ್ಲ ಬನಿಯನ್ ತಂದು ಕೊಡುತ್ತಿದ್ದ, ಅವರ ಕಡೆ ಗಂಜಿ ಅಂದರೆ ಬನಿಯನ್ನೇ. ಅಪ್ಪ ಹೋದ ಮೇಲೆ ಅಮ್ಮ ಬಿದ್ದು ಬಿದ್ದು ನಕ್ಕಿದ್ದು ಅದೊಂದಕ್ಕೇ. ಛಟ್ ಪೂಜೆಗೆ ಅಂತ ಊರಿಗೆ ಹೋದವನು ಮತ್ತೆ ಬರಲಿಲ್ಲ.

ಆಮೇಲೆ ಕರ್ಜತ್ ಕಡೆಯ ದೊಡ್ಡ ಸಂಸ್ಥೆ. ಅರವತ್ತಕ್ಕೂ ಜಾಸ್ತಿ ಜನ, ತಿಂಗಳಿಗೆ 18 ಸಾವಿರ. ತೋಟ, ಫಿಸಿಯೋಥೆರಪಿ ರೂಮು, ಮೇಣದಬತ್ತಿ ಮಾಡುವ ಶೆಡ್ಡು. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಮಗೆ ಲೋಕಲ್ ರೈಲು ಹತ್ತಿದರೆ ಆಯಿತು.

ಕೆಟ್ಟಿದ್ದು ಒಂದೇ ಮಾತಿನಿಂದ.

ನಮ್ಮವನಿಗೆ ಏನಾದರೂ ಹಿಡಿಸದಿದ್ದರೆ ಎರಡೂ ಕಿವಿ ಮುಚ್ಚಿಕೊಂಡು 'ಬೇಡಾ ಬೇಡಾ' ಎನ್ನುತ್ತಾನೆ. ಮರಾಠಿಯವರ ಕಿವಿಗೆ ಅದು 'ವೇಡಾ'. ಅಂದರೆ ಹುಚ್ಚ. ಮಿಕ್ಸಿ ಸದ್ದಿಗೆ, ತಣ್ಣೀರಿಗೆ, ಪಕ್ಕದ ಹುಡುಗ ಮೈಮೇಲೆ ಬಿದ್ದಿದ್ದಕ್ಕೆ, ಎಲ್ಲದಕ್ಕೂ ಇವನು ಬೇಡ ಅಂದ. ಅಲ್ಲಿನ ಹುಡುಗರು ತಮಗೇ ಬೈಯುತ್ತಿದ್ದಾನೆ ಅಂದುಕೊಂಡರು. ರಿಜಿಸ್ಟರಿನಲ್ಲಿ 'ಶಿವ್ಯಾ ದೇತೊ' ಎಂದು ಬರೆದರು, ಬೈಗುಳ ಬೈಯುತ್ತಾನೆ ಅಂತ. ಹದಿನೈದು ದಿನಕ್ಕೊಮ್ಮೆ ಬರುವ ಡಾಕ್ಟರು ನೋಡುವುದು ಅದೇ ರಿಜಿಸ್ಟರನ್ನು. ಸಿಟ್ಟು ಜಾಸ್ತಿ ಅಂತ ಮಾತ್ರೆ ಏರಿಸಿದರು. ಒಂದು ಭಾನುವಾರ ಹೋದಾಗ ಮಧ್ಯಾಹ್ನ ಹನ್ನೆರಡಕ್ಕೂ ಮಲಗಿದ್ದ, ದಿಂಬೆಲ್ಲ ಜೊಲ್ಲು.

ನಮಗೆ ಗೊತ್ತಾಗಿದ್ದು ದೀಪಾವಳಿಗೆ. ಮನೆಗೆ ಕರೆದುಕೊಂಡು ಬಂದಿದ್ದೆವು. ಬೀರುವಿನ ಕನ್ನಡಿ ಮುಂದೆ ನಿಂತು, ಯಾರದೋ ದನಿಯಲ್ಲಿ, 'ತೂಚ್ ವೇಡಾ, ತೂಚ್ ವೇಡಾ' ಎನ್ನುತ್ತಿದ್ದ. ನೀನೇ ಹುಚ್ಚ. ಕೇಳಿದ್ದನ್ನು ಹಾಗೇ ತಿರುಗಿ ಹೇಳುವುದು ಅವನ ಅಭ್ಯಾಸ. ಅಮ್ಮ ಕುಕ್ಕರ್ ಆರಿಸಿ ಬಂದು ಮಂಚದ ಮೇಲೆ ಕೂತುಬಿಟ್ಟರು.

ಇನ್‌ಚಾರ್ಜ್ ಮೇಡಂಗೆ ಬಿಡಿಸಿ ಹೇಳಿದೆ. ಪಾಪ, ಬರೆದುಕೊಂಡರು. ಮುಂದಿನ ತಿಂಗಳು ಹೊಸ ಹುಡುಗರು ಬಂದರು, ಮತ್ತೆ ಹೇಳಿದೆ. ರಾತ್ರಿ ಪಾಳಿಯವರಿಗೆ ತಲುಪಲೇ ಇಲ್ಲ. ಮಂಚದ ಮೇಲ್ಗಡೆ ಚೀಟಿ ಅಂಟಿಸಿದರೆ, ಇನ್‌ಸ್ಪೆಕ್ಷನ್ ಇದೆ, ಗೋಡೆಗೆ ಏನೂ ಅಂಟಿಸಬಾರದು ಅಂತ ಕಿತ್ತರು. ನಾಲ್ಕು ಸಲ ಹೇಳಿ ನನಗೂ ಸಾಕಾಯಿತು. ಎಂಟು ತಿಂಗಳಿಗೆ ಬಿಡಿಸಿದೆವು.

ತಳೇಗಾಂವ್‌ನ ಆ ಮನೆ ನಡೆಸುವ ತಾಈ (ಅಕ್ಕ) ಫೀಸಿನ ಮಾತಿಗೂ ಮೊದಲು ಕೇಳಿದ್ದು, 'ಇವನು ನಕೋ ಅನ್ನುವುದು ಹೇಗೆ?' ಅಂತ. ಮರಾಠಿಯಲ್ಲಿ ನಕೋ ಅಂದರೆ ಬೇಡ. ಆ ಹದಿನಾಲ್ಕು ಮಾತನ್ನೂ ದೇವನಾಗರಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ. ಅಡುಗೆಯ ಮಾವಶಿ ಎರಡನೇ ಸಲ ಸಾರು ಬಡಿಸಲು ಬಂದರೆ ಇವನು 'ಬೇಡಾ' ಅನ್ನುತ್ತಾನೆ, ಸೌಟು ಹಿಂದಕ್ಕೆ ಹೋಗುತ್ತದೆ. ಪಕ್ಕದ ಹುಡುಗ ಮರಾಠಿಯವನು, ಅವನೂ ಈಗ 'ಸಾಕು' ಅನ್ನುತ್ತಾನಂತೆ! ಮಾತ್ರೆಯನ್ನು ಇನ್ನೊಬ್ಬ ಡಾಕ್ಟರು ನಿಧಾನವಾಗಿ ಇಳಿಸುತ್ತಿದ್ದಾರೆ.

ಕೊರತೆ ಇಲ್ಲ ಅಂತಲ್ಲ. ತಿಂಗಳಿಗೆ 26 ಸಾವಿರ. ಫಿಸಿಯೋ ಇಲ್ಲ. ತಾಈಗೆ ಹುಷಾರಿಲ್ಲದಿದ್ದರೆ ಎಲ್ಲ ಏರುಪೇರು. ಲೋಣಾವಳದಲ್ಲಿ ಇಳಿದು ಪುಣೆ ಲೋಕಲ್‌ಗೆ ಕಾಯಬೇಕು, ಹೋಗಿ ಬರುವುದಕ್ಕೆ ಇಡೀ ದಿನ.

ಕಾಗದಪತ್ರದ ಮಾತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಇಂಥ ಸಂಸ್ಥೆಗಳಿಗೆ ನೋಂದಣಿ ಬೇಕೇ ಬೇಕು, ಕೇಳಿ ನೋಡಿ. ಆದರೆ ಅದೊಂದನ್ನೇ ನಂಬಬೇಡಿ. ಕರ್ಜತ್‌ನವರು ನೋಂದಣಿ ಪತ್ರಕ್ಕೆ ಫ್ರೇಮ್ ಹಾಕಿಸಿದ್ದರು, ಅಲ್ವಾ! ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಮಾಡಿಸಿಕೊಳ್ಳಿ. 18 ದಾಟಿದವರಿಗೆ ಗಾರ್ಡಿಯನ್ ನೇಮಕಕ್ಕೆ ಅರ್ಜಿ ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿಗೆ. ಅಪ್ಪ ಅಮ್ಮ ಇರುವಾಗಲೇ ಮುಗಿಸಿ.

ಅಪ್ಪನ ರೈಲ್ವೆ ಪೆನ್ಷನ್ ಅಮ್ಮನಿಗೆ ಬರುತ್ತದೆ, ಉಳಿದದ್ದು ನಾನು ಹಾಕುತ್ತೇನೆ, ಹೀಗಾಗಿ 26 ಸಾವಿರ ನಡೆಯುತ್ತಿದೆ. ನಿಮ್ಮವರು ಮರಾಠಿ ಮಾತಾಡುತ್ತಾರೆ, ಫಿಸಿಯೋನೂ ಬೇಕು ಅಂದರೆ ದೊಡ್ಡ ಕಡೆಯೇ ಒಗ್ಗಬಹುದು. ಹೇಳದೆ ಕೇಳದೆ ಒಂದು ಭಾನುವಾರ ಊಟದ ಹೊತ್ತಿಗೆ ಹೋಗಿ, ಸುಮ್ನೆ ಒಂದು ಗಂಟೆ ಕೂತು ಬನ್ನಿ. ತಳೇಗಾಂವ್‌ನ ನಂಬರ್ ಮಾತ್ರ ಸದ್ಯಕ್ಕೆ ಕೇಳಬೇಡಿ. ಅಲ್ಲಿ ಜಾಗವಿಲ್ಲ, ಆರನೆಯ ಮಂಚ ನಮ್ಮವನದೇ.