ಉದಯಗಿರಿಯ ಕನ್ನಡ ಕುರ್‌ಆನ್ ತರಗತಿ: ಧನಮೋಹದ ಕುರಿತ ಪಾಠಗಳು

ಮೈಸೂರಿನ ಉದಯಗಿರಿಯಲ್ಲಿ ಭಾನುವಾರಗಳಂದು ಉಚಿತವಾಗಿ ನಡೆಯುವ, ಎಲ್ಲ ಧರ್ಮದವರಿಗೂ ತೆರೆದಿರುವ ಕನ್ನಡ ಕುರ್‌ಆನ್ ತರಗತಿಯಲ್ಲಿ ಈ ಸಲ ಧನಮೋಹವೇ ವಿಷಯವಾಗಿತ್ತು. ಸಂಪತ್ತನ್ನು ಹಳಿದು ಬಡತನವನ್ನು ಹೊಗಳಿ ಮುಗಿಸುವ ಸುಲಭದ ದಾರಿಯನ್ನು ಬೋಧಕರು ಹಿಡಿಯದಿದ್ದುದು ನನಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಮಿಗಿಲಾದದ್ದು ಕಾರೂನನ ಪಾಠ. ಮೂಸಾ ಪ್ರವಾದಿಯ ಜನಾಂಗದವನಾದ ಇವನ ಭಂಡಾರದ ಕೀಲಿಕೈಗಳೇ ಬಲಿಷ್ಠರ ಗುಂಪಿಗೂ ಹೊರಲಾರದಷ್ಟು ಭಾರವಾಗಿದ್ದವೆಂದು 28ನೇ ಅಧ್ಯಾಯ ಹೇಳುತ್ತದೆ. ಆ ಕೀಲಿಕೈಗಳೂ, ಕೊನೆಗೆ ಮನೆಸಹಿತ ಅವನನ್ನು ನುಂಗಿದ ಭೂಮಿಯೂ ಕೇಳುಗರ ನೆನಪಿನಲ್ಲಿ ಉಳಿಯುತ್ತವೆ. ಬೋಧಕರಾದರೋ ಬಹಳ ಹೊತ್ತು ನಿಂತದ್ದು ನಡುವಿನ 78ನೇ ವಚನದಲ್ಲಿ, ಇದೆಲ್ಲ ನನ್ನ ಜ್ಞಾನದಿಂದಲೇ ನನಗೆ ದೊರಕಿತೆಂದು ಕಾರೂನ್ ಹೇಳುವ ಮಾತಿನಲ್ಲಿ. ಅದರ ಹಿಂದಿನ ವಚನವೇ ಇಹಲೋಕದ ನಿನ್ನ ಪಾಲನ್ನು ಮರೆಯಬೇಡವೆಂದು ಹೇಳಿರುವಾಗ ಗಳಿಕೆಯನ್ನೇ ದೂಷಿಸಲಾಗದು. ಗಳಿಸಿದ್ದರಲ್ಲಿ ಮತ್ತಾರ ಹಕ್ಕೂ ಇಲ್ಲವೆಂಬ ಭಾವವೇ ಅವನನ್ನು ಕೆಡಿಸಿತೆಂಬ ಅವರ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಾಯಿತು. ಹಣವನ್ನು ಕೂಡಿಟ್ಟು ಎಣಿಸುತ್ತಾ, ಅದು ತನ್ನನ್ನು ಶಾಶ್ವತವಾಗಿ ಉಳಿಸುವುದೆಂದು ನಂಬಿದವನ ಕುರಿತ 104ನೇ ಅಧ್ಯಾಯವನ್ನು ಇದರ ಜೊತೆಗೇ ಓದಿಸಿದಾಗ, ವ್ಯಾಪಾರಸ್ಥರೇ ಹೆಚ್ಚಿದ್ದ ಆ ಸಭೆ ಗಂಭೀರವಾಗಿ ಆಲಿಸಿತು.

ಸಾಹಿತ್ಯದ ಭಾಗ ಮಾತ್ರ ಅವಸರದಲ್ಲಿ ಮುಗಿಯಿತು. 1258ರಲ್ಲಿ ಪಾರಸಿ ಕವಿ ಸಾದಿ ರಚಿಸಿದ ನೀತಿಕಥೆಗಳ ಕೃತಿ ಗುಲಿಸ್ತಾನ್‌ನಲ್ಲಿ, 150 ಒಂಟೆಗಳ ಸರಕಿನ ಒಡೆಯನೊಬ್ಬ ಕೀಶ್ ದ್ವೀಪದಲ್ಲಿ ಇರುಳಿಡೀ ಮಾತನಾಡುತ್ತಾನೆ. ಪಾರಸದ ಗಂಧಕವನ್ನು ಚೀನಾಕ್ಕೆ ಒಯ್ದು, ಹಿಂದೂಸ್ತಾನದ ಉಕ್ಕನ್ನು ಅಲೆಪ್ಪೊಗೆ ಮಾರಿ, ಇನ್ನೊಂದೇ ಪಯಣದ ಬಳಿಕ ಅಂಗಡಿಯಲ್ಲಿ ಕುಳಿತುಬಿಡುವುದಾಗಿ ಹೇಳುವ ಆತನ ಆಸೆಗೆ ಕೊನೆಯೇ ಕಾಣುವುದಿಲ್ಲ. ಇಂಥ ಕಥೆಯ ಸಾರಾಂಶವನ್ನಷ್ಟೇ ಹೇಳಿ ಮುಂದೆ ಸಾಗಬಾರದಿತ್ತು. ಅದಕ್ಕೆ ಒಂದು ಇಡೀ ಭಾನುವಾರವೇ ಸಲ್ಲಬೇಕು.

ಕೊನೆಯಲ್ಲಿ ಝಕಾತ್, ಅಂದರೆ ಮುಸ್ಲಿಮರ ಕಡ್ಡಾಯ ದಾನದ ಲೆಕ್ಕ ಹಾಕಿಕೊಡುವ ಸೇವೆಯೂ ಇದೆ. ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಮಿತಿಯನ್ನು ಮುಟ್ಟಿದ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದಾಗ ಶೇ 2.5 ಕೊಡಬೇಕೆಂಬುದನ್ನು ಸ್ವಯಂಸೇವಕರು ತಾಳ್ಮೆಯಿಂದ, ಸಾಲ ಮತ್ತು ಅಂಗಡಿಯ ಸರಕನ್ನೂ ಕೇಳಿ ತಿಳಿದು ವಿವರಿಸುತ್ತಾರೆ. ಧರಿಸುವ ಒಡವೆಗೂ ಝಕಾತ್ ಉಂಟೆಂದು ಅವರು ಕೊಡುವ ಹಾಳೆಯಲ್ಲಿ ಬರೆದಿರುವುದು ಇಸ್ಲಾಮೀ ಧರ್ಮಶಾಸ್ತ್ರದ ಪಂಥಗಳಲ್ಲಿ ಒಂದಾದ ಹನಫಿ ಪಂಥದ ನಿಲುವು. ಶಾಫಿ ಪಂಥದಲ್ಲಿ ಮಹಿಳೆಯರು ಬಳಸುವ ಒಡವೆಗೆ ವಿನಾಯಿತಿ ಇದೆ. ಮುಸ್ಲಿಮರಲ್ಲಿ ಶಾಫಿ ಪಂಥದವರೇ ಹೆಚ್ಚಿರುವ ಕರಾವಳಿಯಿಂದಲೂ ಕೇರಳದಿಂದಲೂ ಬಂದು ಮೈಸೂರಿನಲ್ಲಿ ನೆಲೆಸಿದ ಕುಟುಂಬಗಳು ಈ ತರಗತಿಗೆ ಬರುವುದರಿಂದ, ಮುಂದಿನ ರಮ್ಜಾನ್‌ನೊಳಗೆ ಆ ಹಾಳೆಯಲ್ಲಿ ಎರಡೂ ನಿಲುವುಗಳನ್ನು ಅಚ್ಚು ಹಾಕಿಸಬೇಕೆಂದು ಸಂಘಟಕರನ್ನು ಕೋರುತ್ತೇನೆ.